ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕಣ: ಪ್ರಾಸ್ಟೇಟ್ ರೋಗಿಗೆ ಸಿಟಿಸಿ ಪರೀಕ್ಷೆ ಯಾವಾಗ ಬೇಕು, ಯಾವಾಗ ಬೇಡ?

ಅರವತ್ತು ದಾಟಿದ ಅಂಗಡಿ ಯಜಮಾನರು ಗಲ್ಲಾ ಬಿಟ್ಟು ಗಂಟೆಗೊಮ್ಮೆ ಎದ್ದು ಹೋಗ್ತಿದ್ದರೆ ಪಕ್ಕದ ಅಂಗಡಿಯವರು ‘ಶುಗರ್ ಇರಬೇಕು, ಚೆಕ್ ಮಾಡಿಸಿ’ ಅಂತಾರೆ. ರಾತ್ರಿ ನಾಲ್ಕು ಸಲ ಎದ್ದರೆ ಮನೆಯವರು ‘ವಯಸ್ಸಾಯ್ತಲ್ಲ’ ಅಂತಾರೆ. ಬಹಳಷ್ಟು ಜನರಲ್ಲಿ ಆ ಮಾತು ನಿಜವೇ. ಆದರೆ ಕೆಲವರಲ್ಲಿ ಕಾರಣ ಬೇರೆ ಇರುತ್ತದೆ. ಅದು ಗೊತ್ತಾಗುವ ಹೊತ್ತಿಗೆ ಕಾಯಿಲೆ ಮೂಳೆಗೆ ಇಳಿದಿರುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಗಂಡಸರು ಬಾಯಿ ಬಿಟ್ಟು ಮಾತಾಡೋದು ಕಡಿಮೆ. ಮೂತ್ರದ ತೊಂದರೆ ಅಂದ್ರೆ ನಾಚಿಕೆ. ಇದರ ಮಧ್ಯೆ ‘ಒಂದು ಟ್ಯೂಬ್ ರಕ್ತ ಕೊಟ್ಟರೆ ಸಾಕು, ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುತ್ತೆ’ ಅನ್ನೋ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಈ ಮಾತಿನ ಹಿಂದೆ ನಿಜವಾದ ವಿಜ್ಞಾನ ಇದೆ. ಅದರ ಹೆಸರು ಸಿಟಿಸಿ, ಅಂದರೆ ಸರ್ಕ್ಯುಲೇಟಿಂಗ್ ಟ್ಯೂಮರ್ ಸೆಲ್. ಕನ್ನಡದಲ್ಲಿ ಹೇಳೋದಾದ್ರೆ, ಗಡ್ಡೆಯಿಂದ ಕಳಚಿ ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಜೀವಕೋಶ. ಆದರೆ ಮೆಸೇಜ್‌ನಲ್ಲಿ ಹೇಳುವಷ್ಟು ಸಲೀಸಾದ ವಿಷಯ ಇದಲ್ಲ. ಯಾರಿಗೆ ಇದರಿಂದ ಉಪಯೋಗ, ಯಾರಿಗೆ ದುಡ್ಡು ದಂಡ ಅನ್ನೋದನ್ನ ತಿಳಿದುಕೊಳ್ಳಬೇಕು.

ಪ್ರಾಸ್ಟೇಟ್ ಎಲ್ಲಿದೆ, ಏನು ಮಾಡುತ್ತೆ?

ಗಂಡಸರಲ್ಲಿ ಮಾತ್ರ ಇರುವ ಸಣ್ಣ ಗ್ರಂಥಿ ಇದು. ಮೂತ್ರಚೀಲದ ಕೆಳಗೆ, ಚಿಕ್ಕ ನಿಂಬೆಹಣ್ಣಿನಷ್ಟು ಗಾತ್ರದಲ್ಲಿ ಇರುತ್ತದೆ. ಮೂತ್ರದ ನಾಳ ಇದರ ನಡುವಿನಿಂದಲೇ ಹಾದು ಹೋಗುತ್ತದೆ. ವೀರ್ಯದಲ್ಲಿ ಇರುವ ದ್ರವದ ಒಂದು ಪಾಲು ಇಲ್ಲಿ ತಯಾರಾಗುತ್ತದೆ. ವಯಸ್ಸಾದಂತೆ ಈ ಗ್ರಂಥಿ ದಪ್ಪಗಾಗೋದು ಸಹಜ. ದಪ್ಪಗಾದರೆ ನಾಳ ಒತ್ತಿಹೋಗುತ್ತೆ. ಮೂತ್ರ ಸಣ್ಣಗೆ ಬರೋದು, ತಡೆದು ತಡೆದು ಬರೋದು, ಪದೇ ಪದೇ ಬರೋದು ಶುರುವಾಗುತ್ತೆ. ಇದು ಕ್ಯಾನ್ಸರ್ ಅಲ್ಲ. ಬರೀ ಊತ.

ಕ್ಯಾನ್ಸರ್ ಬಂದರೆ ಶುರುವಿನಲ್ಲಿ ಎಷ್ಟೋ ಸಲ ಯಾವ ತೊಂದರೆಯೂ ಕಾಣೋದಿಲ್ಲ. ಗಡ್ಡೆ ಸಾಮಾನ್ಯವಾಗಿ ಗ್ರಂಥಿಯ ಹೊರ ಅಂಚಿನಲ್ಲಿ ಬೆಳೆಯುವುದರಿಂದ ಮೂತ್ರದ ನಾಳಕ್ಕೆ ಬೇಗ ಒತ್ತಡ ಬೀಳೋದಿಲ್ಲ. ಅದಕ್ಕೇ ‘ನನಗೇನೂ ತೊಂದರೆ ಇಲ್ಲ’ ಅನ್ನೋ ಮಾತನ್ನ ಈ ಕಾಯಿಲೆಯಲ್ಲಿ ಪೂರ್ತಿ ನಂಬೋಕೆ ಆಗಲ್ಲ. ಹಾಗೆಯೇ ಮೂತ್ರದ ತೊಂದರೆ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತ ಹೆದರಬೇಕಾಗಿಯೂ ಇಲ್ಲ.

ಪಿಎಸ್‌ಎ ಇದೆಯಲ್ಲ, ಹೊಸದು ಯಾಕೆ?

ಪಿಎಸ್‌ಎ ಅನ್ನೋದು ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್. ಅದರಲ್ಲಿ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ತಾಲ್ಲೂಕಿನ ಲ್ಯಾಬ್‌ನಲ್ಲೂ ಇದಕ್ಕೆ ರಕ್ತ ತಗೋತಾರೆ, ಖರ್ಚು ಕೆಲವು ನೂರು ರೂಪಾಯಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1986ರಲ್ಲಿ ರೋಗಿಗಳ ನಿಗಾಕ್ಕೆ, 1994ರಲ್ಲಿ ಪತ್ತೆಗೆ ಈ ಪರೀಕ್ಷೆಯನ್ನು ಒಪ್ಪಿತು. ಸಾಮಾನ್ಯವಾಗಿ ಮಿಲಿಲೀಟರ್‌ಗೆ 4 ನ್ಯಾನೋಗ್ರಾಂ ದಾಟಿದರೆ ಡಾಕ್ಟರು ಮುಂದಿನ ತಪಾಸಣೆ ಯೋಚಿಸುತ್ತಾರೆ.

ತೊಂದರೆ ಏನಂದ್ರೆ, ಪಿಎಸ್‌ಎ ಹೆಚ್ಚಾಗೋಕೆ ಕ್ಯಾನ್ಸರೇ ಬೇಕಿಲ್ಲ. ಗ್ರಂಥಿ ಊದಿಕೊಂಡರೂ ಹೆಚ್ಚಾಗುತ್ತೆ, ಸೋಂಕಾದರೂ ಹೆಚ್ಚಾಗುತ್ತೆ, ಮೂತ್ರಕ್ಕೆ ಪೈಪ್ ಹಾಕಿದರೂ ಹೆಚ್ಚಾಗುತ್ತೆ. 4ರಿಂದ 10ರ ನಡುವೆ ಬಂದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ ಅನ್ನೋದು ಅಮೆರಿಕದ ಲೆಕ್ಕ. ಉಳಿದ ಮೂವರು ಸೂಜಿ ಚುಚ್ಚಿಸಿಕೊಂಡು ಬಯಾಪ್ಸಿ ಮಾಡಿಸಿ, ರಿಪೋರ್ಟ್ ಬರುವ ತನಕ ನಿದ್ದೆ ಕೆಡಿಸಿಕೊಂಡಿರುತ್ತಾರೆ.

ಇನ್ನೊಂದು ಕಡೆಯ ಕಥೆಯೂ ಇದೆ. ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತಗೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತೆ. ಆ ಮಾತ್ರೆ ತಗೋತಿದ್ದೀನಿ ಅಂತ ಡಾಕ್ಟರಿಗೆ ಹೇಳದಿದ್ದರೆ 5 ಇರಬೇಕಾದದ್ದು ಎರಡೂವರೆ ಅಂತ ತೋರಿಸಿ ಎಲ್ಲರೂ ಸಮಾಧಾನ ಆಗಿಬಿಡಬಹುದು.

ಒಟ್ಟಿನಲ್ಲಿ ಪಿಎಸ್‌ಎ ‘ಗ್ರಂಥಿಯಲ್ಲಿ ಏನೋ ನಡೀತಿದೆ’ ಅಂತ ಹೇಳುತ್ತೆ. ಏನು ನಡೀತಿದೆ ಅಂತ ಹೇಳೋದಿಲ್ಲ. ಅದಕ್ಕೇ ವಿಜ್ಞಾನಿಗಳು ಪ್ರೋಟೀನ್ ಬಿಟ್ಟು ಕ್ಯಾನ್ಸರ್ ಕಣವನ್ನೇ ರಕ್ತದಲ್ಲಿ ಹುಡುಕೋಕೆ ಹೊರಟರು.

155 ವರ್ಷಕ್ಕೂ ಹಳೇ ಸಂಗತಿ

1869ರಲ್ಲಿ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್ವರ್ತ್ ಕ್ಯಾನ್ಸರ್‌ನಿಂದ ಸತ್ತ ಒಬ್ಬ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಡ್ಡೆಯಲ್ಲಿದ್ದ ಥರದ್ದೇ ಜೀವಕೋಶಗಳು ರಕ್ತದಲ್ಲೂ ಕಂಡವು. ಒಂದೇ ದೇಹದಲ್ಲಿ ಹಲವು ಕಡೆ ಗಡ್ಡೆ ಹೇಗೆ ಏಳುತ್ತೆ ಅನ್ನೋದಕ್ಕೆ ಇದು ಸುಳಿವು ಇರಬಹುದು ಅಂತ ಅವರು ಬರೆದಿಟ್ಟರು.

20 ವರ್ಷ ಆದ ಮೇಲೆ, 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ‘ಬೀಜ ಮತ್ತು ಮಣ್ಣು’ ಅನ್ನೋ ವಿಚಾರ ಮುಂದಿಟ್ಟರು. ರೈತರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕಾಂಗ್ರೆಸ್ ಗಿಡದ ಬೀಜ ಎಲ್ಲಾ ಕಡೆ ಹಾರುತ್ತೆ, ಬಂಡೆ ಮೇಲೆ ಬಿದ್ದದ್ದು ಒಣಗುತ್ತೆ, ಹದವಾದ ಮಣ್ಣಿಗೆ ಬಿದ್ದದ್ದು ಹೊಲ ತುಂಬುತ್ತೆ. ಕ್ಯಾನ್ಸರ್ ಕಣವೂ ಹಾಗೇ. ರಕ್ತಕ್ಕೆ ಬಿದ್ದ ಕಣಗಳಲ್ಲಿ ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಬದುಕಿ ಉಳಿದವು ಹೊಂದುವ ಜಾಗ ಸಿಕ್ಕರೆ ಬೇರು ಬಿಡುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹದವಾದ ಮಣ್ಣು ಅಂದ್ರೆ ಮೂಳೆ. ಬೆನ್ನುಮೂಳೆ, ಸೊಂಟ, ಪಕ್ಕೆಲುಬು.

3,750 ಕೋಟಿಯಲ್ಲಿ ಐದು ಕಣ ಹುಡುಕೋದು

ಸಿಟಿಸಿ ಪರೀಕ್ಷೆಗೆ ತಗೊಳ್ಳೋ ರಕ್ತ ಏಳೂವರೆ ಮಿಲಿಲೀಟರ್. ಒಂದೂವರೆ ಟೀ ಚಮಚದಷ್ಟು. ಅಷ್ಟರಲ್ಲಿ ಸುಮಾರು 3,750 ಕೋಟಿ ಕೆಂಪು ರಕ್ತಕಣ ಇರುತ್ತವೆ. ಇಡೀ ಪ್ರಪಂಚದ ಜನಸಂಖ್ಯೆ 800 ಕೋಟಿ ದಾಟಿದೆ, ಅದರ ನಾಲ್ಕು ಪಟ್ಟಿಗೂ ಜಾಸ್ತಿ. ಬಿಳಿ ರಕ್ತಕಣಗಳೇ ಕೆಲವು ಕೋಟಿ. ಈ ಜಾತ್ರೆಯಲ್ಲಿ ಹುಡುಕಬೇಕಾದ ಕ್ಯಾನ್ಸರ್ ಕಣ ಒಂದೋ, ಐದೋ, ಐವತ್ತೋ.

ಹುಡುಕುವ ಉಪಾಯ ಹಿಟ್ಟಿನ ಗಿರಣಿ ನೋಡಿದವರಿಗೆ ಅರ್ಥ ಆಗುತ್ತೆ. ಕಾಳಿನ ಜೊತೆ ಬಂದ ಮೊಳೆ, ಕಬ್ಬಿಣದ ಚೂರು ಹಿಡಿಯೋಕೆ ಗಿರಣಿಯಲ್ಲಿ ಆಯಸ್ಕಾಂತ ಇಟ್ಟಿರ್ತಾರೆ. ಇಲ್ಲೂ ಆಯಸ್ಕಾಂತವೇ. ಆದ್ರೆ ಕ್ಯಾನ್ಸರ್ ಕಣ ಕಬ್ಬಿಣ ಅಲ್ಲವಲ್ಲ? ಅದಕ್ಕೆ ಮೊದಲು ಕಬ್ಬಿಣ ಅಂಟಿಸ್ತಾರೆ. ಪ್ರಾಸ್ಟೇಟ್, ಸ್ತನದಂಥ ಅಂಗಗಳಿಂದ ಬಂದ ಕಣಗಳ ಮೈಮೇಲೆ ಎಪ್‌ಕ್ಯಾಮ್ ಅನ್ನೋ ಪ್ರೋಟೀನ್ ಇರುತ್ತದೆ. ರಕ್ತಕಣಗಳ ಮೇಲೆ ಇರೋದಿಲ್ಲ. ಎಪ್‌ಕ್ಯಾಮ್‌ಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಅತಿ ಸಣ್ಣ ಕಬ್ಬಿಣದ ಪುಡಿ ಕಟ್ಟಿ ರಕ್ತಕ್ಕೆ ಬೆರೆಸುತ್ತಾರೆ. ಆಮೇಲೆ ಆಯಸ್ಕಾಂತ ಹಿಡಿದರೆ ಆ ಕಣಗಳು ಒಂದು ಬದಿಗೆ ಸೇರುತ್ತವೆ.

ಅಲ್ಲಿಗೆ ಮುಗಿಯಲಿಲ್ಲ. ಕೆಲವು ಬಿಳಿ ರಕ್ತಕಣಗಳೂ ಜೊತೆಗೆ ಎಳೆದುಕೊಂಡು ಬಂದಿರುತ್ತವೆ. ಹಾಗಾಗಿ ಬಣ್ಣ ಹಾಕಿ ಮೂರು ಗುರುತು ನೋಡ್ತಾರೆ. ಒಂದು, ಕಣದೊಳಗೆ ಕೇಂದ್ರ ಇರಬೇಕು. ಎರಡು, ಸೈಟೋಕೆರಾಟಿನ್ ಅನ್ನೋ ಪ್ರೋಟೀನ್ ಇರಬೇಕು. ಮೂರು, ಬಿಳಿ ರಕ್ತಕಣದ ಗುರುತಾದ ಸಿಡಿ45 ಇರಬಾರದು. ಮೂರೂ ಸರಿ ಹೊಂದಿದರೆ ಮಾತ್ರ ಅದನ್ನ ಸಿಟಿಸಿ ಅಂತ ಲೆಕ್ಕಕ್ಕೆ ಹಿಡೀತಾರೆ. ಯಂತ್ರ ಚಿತ್ರ ತೆಗೆದು ಕೊಡುತ್ತೆ, ತರಬೇತಿ ಪಡೆದವರು ಕೂತು ನೋಡಿ ಎಣಿಸ್ತಾರೆ.

ಈ ವಿಧಾನದ ಯಂತ್ರದ ಹೆಸರು ಸೆಲ್‌ಸರ್ಚ್. ಎಫ್‌ಡಿಎ ಇದಕ್ಕೆ 2004ರಲ್ಲಿ ಹರಡಿದ ಸ್ತನ ಕ್ಯಾನ್ಸರ್‌ಗೆ, 2008ರಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಒಪ್ಪಿಗೆ ಕೊಟ್ಟಿತು. ‘ಹರಡಿದ’ ಅನ್ನೋ ಪದ ನೆನಪಿಡಿ. ಮುಂದೆ ಅದೇ ಮುಖ್ಯ.

‘5’ ಅನ್ನೋ ಗೆರೆ

ಹಾರ್ಮೋನ್ ಚಿಕಿತ್ಸೆಗೆ ಬಗ್ಗದೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಏಳೂವರೆ ಮಿಲಿಲೀಟರ್ ರಕ್ತದಲ್ಲಿ ಐದಕ್ಕಿಂತ ಕಡಿಮೆ ಕಣ ಇದ್ದವರ ಗುಂಪಿನಲ್ಲಿ ಅರ್ಧದಷ್ಟು ಜನ 21.7 ತಿಂಗಳಿಗೂ ಹೆಚ್ಚು ಬದುಕಿದ್ದರು. ಐದು ಅಥವಾ ಹೆಚ್ಚು ಇದ್ದವರ ಗುಂಪಿನಲ್ಲಿ ಈ ಲೆಕ್ಕ 11.5 ತಿಂಗಳು. ಹತ್ತಿರ ಹತ್ತಿರ ಅರ್ಧ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಶುರುವಿನಲ್ಲಿ ಐದಕ್ಕಿಂತ ಹೆಚ್ಚಿದ್ದು, ಚಿಕಿತ್ಸೆ ಕೊಟ್ಟ ಮೇಲೆ ಐದರ ಕೆಳಗೆ ಇಳಿದವರ ಆಯುಷ್ಯ ಹೆಚ್ಚಿತ್ತು. ಅಂದ್ರೆ ಮೊದಲ ಎಣಿಕೆಯೇ ಹಣೆಬರಹ ಅಲ್ಲ. ಔಷಧಿ ಹಿಡೀತಿದೆಯೋ ಇಲ್ಲವೋ ಅಂತ ಎಣಿಕೆ ತೋರಿಸಿಕೊಡುತ್ತೆ.

2018ರಲ್ಲಿ ಐದು ದೊಡ್ಡ ಪ್ರಯೋಗಗಳ 6,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟು ಮಾಡಿ ನೋಡಿದರು. ಚಿಕಿತ್ಸೆಯ 13ನೇ ವಾರದಲ್ಲಿ ಸಿಟಿಸಿ ಸೊನ್ನೆಗೆ ಇಳಿದಿದೆಯಾ, ಅಥವಾ ಐದರ ಮೇಲಿದ್ದದ್ದು ಕೆಳಗೆ ಬಂದಿದೆಯಾ ಅನ್ನೋದು ಆಯುಷ್ಯದ ಅಂದಾಜಿಗೆ ಪಿಎಸ್‌ಎ ಇಳಿಕೆಗಿಂತ ಹೆಚ್ಚು ನೆರವಾಯಿತು. ಪಿಎಸ್‌ಎ ಕೆಲವರಲ್ಲಿ ಚಿಕಿತ್ಸೆ ಶುರುವಾದಾಗ ಏರಿ ಆಮೇಲೆ ಇಳಿಯುತ್ತೆ. ಮೂಳೆ ಸ್ಕ್ಯಾನ್‌ನಲ್ಲೂ ವಾಸಿಯಾಗುತ್ತಿರುವ ಜಾಗ ಹೊಸ ಗಾಯದ ಹಾಗೆ ಹೊಳೆಯಬಹುದು. ಅಂಥ ಗೊಂದಲದ ಹೊತ್ತಿನಲ್ಲಿ ಇನ್ನೊಂದು ಸಾಕ್ಷಿ ಇದ್ದರೆ ಡಾಕ್ಟರಿಗೆ ಅನುಕೂಲ.

ಜಮೀನು ಮಾರುವ ಮೊದಲು ತಿಳಿಯಬೇಕಾದದ್ದು

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಆಹಾರ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್. ಅದನ್ನ ನಿಲ್ಲಿಸಿದರೆ ಕ್ಯಾನ್ಸರ್ ಕುಗ್ಗುತ್ತೆ ಅಂತ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತೂ ಹರಡಿದ ಕಾಯಿಲೆಗೆ ಮೊದಲ ಮದ್ದು ಅದೇ. ಇಂಜೆಕ್ಷನ್ ಮೂಲಕ, ಇಲ್ಲವೇ ವೃಷಣ ತೆಗೆಯುವ ಸಣ್ಣ ಆಪರೇಷನ್ ಮೂಲಕ. ಕಾಲ ಕಳೆದಂತೆ ಕ್ಯಾನ್ಸರ್ ಇದಕ್ಕೂ ಒಗ್ಗಿಕೊಳ್ಳುತ್ತೆ. ಆಗ ಅಬಿರಾಟೆರಾನ್, ಎಂಜಾಲುಟಮೈಡ್ ಎಂಬ ಮಾತ್ರೆಗಳು ಬರುತ್ತವೆ. ಇವನ್ನ ತಿಂಗಳಾನುಗಟ್ಟಲೆ ತಗೋಬೇಕು, ಕೈಯಿಂದ ದುಡ್ಡು ಹಾಕುವ ಮನೆಗೆ ಇದು ದೊಡ್ಡ ಭಾರ.

ಎಲ್ಲರಿಗೂ ಈ ಮಾತ್ರೆ ಕೆಲಸ ಮಾಡುತ್ತಾ? ಇಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು 2014ರಲ್ಲಿ 62 ರೋಗಿಗಳ ರಕ್ತದಿಂದ ಸಿಟಿಸಿ ತೆಗೆದು ಅದರೊಳಗೆ ಎಆರ್-ವಿ7 ಅನ್ನೋ ಗುರುತು ಹುಡುಕಿದರು. ಹಾರ್ಮೋನ್ ಬಂದು ಕೂರುವ ಬೀಗದಂಥ ಒಂದು ಪ್ರೋಟೀನ್ ಕ್ಯಾನ್ಸರ್ ಕಣದಲ್ಲಿರುತ್ತೆ. ಎಆರ್-ವಿ7 ಅಂದ್ರೆ ಅದೇ ಬೀಗ, ಆದರೆ ಕೀಲಿಕೈ ಹಾಕುವ ತೂತೇ ಇಲ್ಲ, ಯಾವಾಗಲೂ ತೆರೆದೇ ಇರುತ್ತೆ. ಹಾರ್ಮೋನ್ ಇಲ್ಲದಿದ್ದರೂ ಕ್ಯಾನ್ಸರ್ ಬೆಳೆಯುತ್ತೆ. ಹಾಗಾಗಿ ಹಾರ್ಮೋನ್ ತಡೆಯುವ ಮಾತ್ರೆಗೆ ಅಲ್ಲಿ ಕೆಲಸ ಇಲ್ಲ.

ಎಂಜಾಲುಟಮೈಡ್ ಪಡೆದ 31 ಜನರಲ್ಲಿ ಶೇ 39, ಅಬಿರಾಟೆರಾನ್ ಪಡೆದ 31 ಜನರಲ್ಲಿ ಶೇ 19 ಮಂದಿಗೆ ಈ ಗುರುತು ಸಿಕ್ಕಿತು. ಆ ಗುರುತು ಇದ್ದ ಯಾರಲ್ಲೂ ಪಿಎಸ್‌ಎ ಅರ್ಧಕ್ಕೆ ಇಳಿಯಲಿಲ್ಲ. 2019ರಲ್ಲಿ 118 ರೋಗಿಗಳ ಮೇಲೆ ಪ್ರಕಟವಾದ ಇನ್ನೊಂದು ಅಧ್ಯಯನವೂ, ಈ ಗುರುತು ಇದ್ದವರಿಗೆ ಈ ಎರಡು ಮಾತ್ರೆಗಳಿಂದ ಉಪಯೋಗ ಕಡಿಮೆ ಅಂತ ಹೇಳಿತು. ಡೋಸಿಟ್ಯಾಕ್ಸೆಲ್‌ನಂಥ ಕಿಮೋ ಮಾತ್ರ ಇಂಥವರಲ್ಲೂ ಕೆಲಸ ಮಾಡಬಲ್ಲದು.

ಸಿಟಿಸಿಯ ನಿಜವಾದ ಬೆಲೆ ಇರೋದು ಇಲ್ಲಿ. ಹಿಡಿಯದ ಮಾತ್ರೆಗೆ ಆರು ತಿಂಗಳು, ಸಾಲ ಮಾಡಿದ ದುಡ್ಡು ಕಳೆದುಕೊಳ್ಳುವ ಬದಲು ಬೇರೆ ದಾರಿ ಬೇಗ ಹಿಡಿಯಬಹುದು. ಮೂಳೆಗೆ ಸೂಜಿ ಹಾಕಿ ಚೂರು ತೆಗೆಯೋದು ಕಷ್ಟ, ನೋವು. ರಕ್ತ ತೆಗೆಯೋದು ಸುಲಭ, ಮತ್ತೆ ಮತ್ತೆ ತೆಗೆಯಬಹುದು.

ಹಾಗಾದ್ರೆ ಮೊದಲೇ ಪತ್ತೆಗೆ ಆಗಲ್ವಾ?

ಎಲ್ಲರೂ ಕೇಳೋದು ಇದನ್ನೇ. ಕಾಯಿಲೆ ಗ್ರಂಥಿಯೊಳಗೇ ಇರುವಾಗ ರಕ್ತಕ್ಕೆ ಬೀಳುವ ಕಣಗಳು ತೀರಾ ಕಡಿಮೆ. ಏಳೂವರೆ ಮಿಲಿಲೀಟರ್‌ನಲ್ಲಿ ಒಂದೂ ಸಿಗದೇ ಇರಬಹುದು. ಅದಕ್ಕೇ ಸೆಲ್‌ಸರ್ಚ್‌ನಲ್ಲಿ ಸೊನ್ನೆ ಬಂದರೆ ‘ಕ್ಯಾನ್ಸರ್ ಇಲ್ಲ’ ಅಂತ ಅರ್ಥ ಅಲ್ಲ.

ಇನ್ನೊಂದು ಅಡಚಣೆ, ಹರಡುವ ಚಾಳಿ ಇರುವ ಕೆಲವು ಕಣಗಳು ತಮ್ಮ ಮೈಮೇಲಿನ ಎಪ್‌ಕ್ಯಾಮ್ ಅನ್ನು ಕಳಚಿಬಿಡುತ್ತವೆ. ಆಗ ಆಯಸ್ಕಾಂತಕ್ಕೆ ಸಿಗೋದಿಲ್ಲ. ಇದಕ್ಕೆ ಬೇರೆ ಉಪಾಯ ಬಂದಿದೆ: ಜರಡಿ. ಕ್ಯಾನ್ಸರ್ ಕಣ ಸಾಮಾನ್ಯವಾಗಿ ರಕ್ತಕಣಕ್ಕಿಂತ ದೊಡ್ಡದು, ಬಿರುಸು. ಸಣ್ಣ ಸಂದಿಯಲ್ಲಿ ರಕ್ತ ಹರಿಸಿದರೆ ರಕ್ತಕಣ ನುಸುಳಿ ಹೋಗುತ್ತೆ, ಇದು ಸಿಕ್ಕಿಕೊಳ್ಳುತ್ತೆ. ಪಾರ್ಸಾರ್ಟಿಕ್ಸ್ ಅನ್ನೋ ಬ್ರಿಟನ್ನಿನ ಯಂತ್ರ ಇದೇ ಸೂತ್ರದ್ದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಬಯಾಪ್ಸಿಗೆ ಮುನ್ನ 98 ಜನರ, ಹೊಸದಾಗಿ ಕ್ಯಾನ್ಸರ್ ಗೊತ್ತಾದ 155 ಜನರ ರಕ್ತ ನೋಡಿದರು. ಸಿಟಿಸಿ, ಪಿಎಸ್‌ಎ ಎರಡನ್ನೂ ಸೇರಿಸಿ ನೋಡಿದಾಗ ಜೋರಾಗಿ ಬೆಳೆಯುವ ಕ್ಯಾನ್ಸರ್ ಯಾರಲ್ಲಿದೆ ಅಂತ ಶೇ 90ಕ್ಕೂ ಹೆಚ್ಚು ನಿಖರವಾಗಿ ಅಂದಾಜು ಮಾಡಬಹುದು ಅಂದರು. ಒಳ್ಳೇ ಸುದ್ದಿ. ಆದರೆ ಒಂದು ಆಸ್ಪತ್ರೆಯ, ಕೆಲವು ನೂರು ಜನರ ಲೆಕ್ಕದಿಂದ ಊರಿನವರಿಗೆಲ್ಲ ಪರೀಕ್ಷೆ ಮಾಡಿಸಿ ಅನ್ನೋಕಾಗಲ್ಲ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಮಹಾರಾಷ್ಟ್ರದ ನಾಸಿಕ್ ಮೂಲದ ದಾತಾರ್ ಕ್ಯಾನ್ಸರ್ ಜೆನೆಟಿಕ್ಸ್ ಕಂಪನಿಯ ಪ್ರಾಸ್ಟೇಟ್ ರಕ್ತಪರೀಕ್ಷೆಗೆ 2022ರಲ್ಲಿ ಎಫ್‌ಡಿಎ ‘ಬ್ರೇಕ್‌ಥ್ರೂ ಡಿವೈಸ್’ ಸ್ಥಾನ ಕೊಟ್ಟಿತು. ಈ ಸ್ಥಾನದ ಅರ್ಥ, ಭರವಸೆಯ ವಿಧಾನವಾದ್ದರಿಂದ ಅರ್ಜಿಯನ್ನು ಬೇಗ ಪರಿಶೀಲಿಸುತ್ತೇವೆ ಅಂತ. ಪರೀಕ್ಷೆಯನ್ನು ಒಪ್ಪಿಬಿಟ್ಟಿದ್ದೇವೆ ಅಂತ ಅಲ್ಲ. ಜಾಹೀರಾತು ಓದುವಾಗ ಈ ವ್ಯತ್ಯಾಸ ಕಣ್ತಪ್ಪಬಾರದು.

ಎಣಿಕೆ ಗೊತ್ತಾದ ಮಾತ್ರಕ್ಕೆ ಜೀವ ಉಳಿಯುತ್ತೆ ಅಂತಲೂ ಇಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದರು. ಮೂರು ವಾರದ ಕಿಮೋ ಆದ ಮೇಲೂ ಸಿಟಿಸಿ ಇಳಿಯದವರಲ್ಲಿ ಕೆಲವರಿಗೆ ತಕ್ಷಣ ಬೇರೆ ಕಿಮೋ ಕೊಟ್ಟರು. 2014ರಲ್ಲಿ ಬಂದ ಫಲಿತಾಂಶದಲ್ಲಿ ಅವರ ಆಯುಷ್ಯ ಹೆಚ್ಚಾಗಿರಲಿಲ್ಲ. ಬದಲಿಸೋಕೆ ಒಳ್ಳೇ ಔಷಧಿ ಇದ್ದಾಗ ಮಾತ್ರ ಮುನ್ಸೂಚನೆಗೆ ಬೆಲೆ.

ಯಾರು ಏನು ಮಾಡಬೇಕು?

ಯಾವ ತೊಂದರೆಯೂ ಇಲ್ಲದವರು: ಸಿಟಿಸಿ ಪರೀಕ್ಷೆಗೆ ದುಡ್ಡು ಹಾಕುವ ಅಗತ್ಯ ಇಲ್ಲ. 50 ದಾಟಿದವರು, ಅಪ್ಪ ಅಥವಾ ಅಣ್ಣ-ತಮ್ಮಂದಿರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದರೆ 45 ದಾಟಿದವರು, ಪಿಎಸ್‌ಎ ಮಾಡಿಸಬೇಕಾ ಅಂತ ಡಾಕ್ಟರ ಹತ್ತಿರ ಮಾತಾಡಬೇಕು.

ಮೂತ್ರದ ತೊಂದರೆ ಇರುವವರು: ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಬೇಕು. ಡಾಕ್ಟರು ಗುದದ್ವಾರದ ಮೂಲಕ ಬೆರಳಿಟ್ಟು ಗ್ರಂಥಿ ಮುಟ್ಟಿ ನೋಡ್ತಾರೆ. ನಾಚಿಕೆ ಅಂತ ಬೇಡ ಅನ್ನಬಾರದು, ಒಂದು ನಿಮಿಷದ ಕೆಲಸ. ತಗೊಳ್ಳುತ್ತಿರುವ ಎಲ್ಲ ಮಾತ್ರೆ ಚೀಟಿ ಜೊತೆಗಿರಲಿ.

ಪಿಎಸ್‌ಎ ಹೆಚ್ಚು ಬಂದವರು: ಸೋಂಕು ಇದ್ದರೆ ಅದು ವಾಸಿಯಾದ ಮೇಲೆ ಮತ್ತೊಮ್ಮೆ ಪಿಎಸ್‌ಎ, ಆಮೇಲೆ ಎಂಆರ್‌ಐ, ಬೇಕಿದ್ದರೆ ಬಯಾಪ್ಸಿ. ಕ್ಯಾನ್ಸರ್ ಅಂತ ಖಚಿತ ಮಾಡೋದು ಇವತ್ತಿಗೂ ಬಯಾಪ್ಸಿಯೇ. ರಕ್ತಪರೀಕ್ಷೆ ಮಾಡಿಸಿದ್ದೀನಿ, ಬಯಾಪ್ಸಿ ಬೇಡ ಅನ್ನೋದು ಅಪಾಯದ ಮಾತು.

ಕ್ಯಾನ್ಸರ್ ಹರಡಿದೆ ಅಂತ ಗೊತ್ತಾದವರು: ಔಷಧಿ ಬದಲಿಸುವ ಹಂತದಲ್ಲಿ ‘ಸಿಟಿಸಿ ಅಥವಾ ಎಆರ್-ವಿ7 ನೋಡಿದರೆ ನಮ್ಮ ಚಿಕಿತ್ಸೆ ಬದಲಾಗುತ್ತಾ?’ ಅಂತ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ಬದಲಾಗುತ್ತೆ ಅಂದರೆ ಮಾಡಿಸಬಹುದು. ಬದಲಾಗಲ್ಲ ಅಂದರೆ ಆ ದುಡ್ಡು ಔಷಧಿಗೆ, ಊಟಕ್ಕೆ, ಬಸ್ ಚಾರ್ಜಿಗೆ ಇರಲಿ.

ಬೆನ್ನು, ಸೊಂಟದ ನೋವು ವಾರಗಟ್ಟಲೆ ಬಿಡದಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಬರೀ ನೋವಿನ ಮಾತ್ರೆ ನುಂಗಿ ದಿನ ದೂಡಬಾರದು, ಉಜ್ಜಿಸಿಕೊಂಡು ಸುಮ್ಮನಾಗಬಾರದು. ಅದರಲ್ಲೂ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಕಾಲಲ್ಲಿ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮಲ-ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು. ಒಂದೆರಡು ದಿನ ತಡ ಆದರೆ ಮತ್ತೆ ನಡೆಯೋಕೆ ಆಗದೇ ಹೋಗಬಹುದು.

ಖರ್ಚಿನ ದಾರಿ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿಕೊಂಡೇ ಹೊರಡಬೇಕು. ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆಯ ಲಾಭ ಕೈತಪ್ಪಬಹುದು. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸರ್ಕಾರದ್ದು. ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್, ಹಳೇ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡರೆ ಅಲೆದಾಟ ತಪ್ಪುತ್ತೆ.

ಸಿಟಿಸಿ ಪರೀಕ್ಷೆ ಮುಂದೆ ಇನ್ನೂ ಸುಧಾರಿಸಬಹುದು. ಇವತ್ತಿನ ಮಟ್ಟಿಗೆ ಅದು ಕಾಯಿಲೆ ಹರಡಿದವರ ಚಿಕಿತ್ಸೆಗೆ ದಾರಿ ತೋರಿಸುವ ಸಾಧನ, ಆರೋಗ್ಯವಂತರ ತಪಾಸಣೆಗಲ್ಲ. ಊರಿನ ಗಂಡಸರಿಗೆ ಸದ್ಯ ಬೇಕಾಗಿರೋದು ಅದಕ್ಕಿಂತ ಸಣ್ಣದು: ರಾತ್ರಿ ನಾಲ್ಕು ಸಲ ಏಳ್ತಿದ್ದೀನಿ ಅಂತ ಡಾಕ್ಟರ ಮುಂದೆ ಸಂಕೋಚ ಬಿಟ್ಟು ಹೇಳೋದು.